ಬಿಳಿ ಕೂದಲಿಗೆ ಕಾಡಿಗೆ

ಅವರೇಕಾಯಿ ಕಾಲ ಬಂತೆಂದರೆ ನಮ್ಮ ಚಿಕ್ಕಬಳ್ಳಾಪುರದ ಹೆಂಗಸರ ಹೆಬ್ಬೆರಳಿಗೂ ತೋರುಬೆರಳಿಗೂ ಬಿಡುವಿರುವುದಿಲ್ಲ. ನೆನೆಹಾಕಿದ ಕಾಳನ್ನು ಒಂದೊಂದಾಗಿ ಹಿತಕಬೇಕು. ಎರಡು ಬೆರಳ ನಡುವೆ ಹಿಡಿದು ಮೆಲ್ಲಗೆ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪಾತ್ರೆಗೆ ಬೀಳುತ್ತದೆ. ಮನಸ್ಸು ಬೇರೆಲ್ಲೋ ಇದ್ದರೆ ಬೇಳೆಯೂ ಬೇರೆಲ್ಲೋ ಹೋಗುತ್ತದೆ. ಆ ದಿನ ನನ್ನ ಬೇಳೆಗಳು ಫ್ರಿಜ್ಜಿನ ಅಡಿಗೆ ಹೋದವು, ದೇವರ ಮನೆಯ ಹೊಸ್ತಿಲಿಗೆ ಹೋದವು, ಒಂದಂತೂ ನೇರವಾಗಿ ಆಂಜನೇಯನ ಪಟದ ಗಾಜಿಗೆ ಹೋಗಿ ಬಡಿಯಿತು. ಕೆನ್ನೆ ಬಡಿದುಕೊಂಡು "ತಪ್ಪಾಯ್ತಪ್ಪಾ ಸ್ವಾಮಿ" ಅಂದೆ.

ಮಗಳು ಪವಿತ್ರಳನ್ನು ಬೆಳಿಗ್ಗೆಯೇ ಆಸ್ಪತ್ರೆಗೆ ಸೇರಿಸಿದ್ದೆವು. ಚೊಚ್ಚಲ ಹೆರಿಗೆ, ಸಂಜೆಯಾದೀತು ಎಂದರು ಡಾಕ್ಟರು. ಸರಿ, ಅಳಿಯಂದಿರು ಗೌರಿಬಿದನೂರಿನ ಕಡೆಯಿಂದ ಬರುತ್ತಾರೆ, ಅವರಿಗೆ ಹಿತಕಿದ ಬೇಳೆ ಸಾರೆಂದರೆ ಪ್ರಾಣ, ಅಷ್ಟು ಮಾಡಿಟ್ಟು ಬಂದುಬಿಡುತ್ತೇನೆ ಎಂದು ನಮ್ಮ ಮನೆಯವರನ್ನು ಅಲ್ಲಿ ಕೂರಿಸಿ ಮನೆಗೆ ಬಂದಿದ್ದೆ. ಹೆತ್ತ ಮಗಳು ನೋವು ತಿನ್ನುತ್ತಿರುವಾಗ ಅಳಿಯನ ಸಾರಿಗೆ ಓಡಿಬಂದ ತಾಯಿ ನಾನು. ಬೈಯುವುದಿದ್ದರೆ ಇಲ್ಲೇ ಬೈದುಬಿಡಿ, ಮುಂದೆ ಇನ್ನೂ ದೊಡ್ಡ ತಪ್ಪುಗಳಿವೆ.

ಪಾತ್ರೆ ಅರ್ಧ ತುಂಬಿರಲಿಲ್ಲ, ಫೋನು ಹೊಡೆದುಕೊಂಡಿತು. ಈಗಿನ ಫೋನುಗಳು ಒದ್ದೆ ಕೈಯ ಮಾತು ಕೇಳುವುದಿಲ್ಲ. ಎರಡು ಸಲ ಎಳೆದೆ, ಜಗ್ಗಲಿಲ್ಲ. ಕೊನೆಗೆ ಬಗ್ಗಿ ಮೂಗಿನ ತುದಿಯಿಂದ ಎಳೆದೆ.

"ಹೆಣ್ಣು ಮಗು ಕಣೇ," ಎಂದರು ನಮ್ಮ ಮನೆಯವರು. "ತಾಯಿ ಮಗು ಇಬ್ರೂ ಚೆನ್ನಾಗಿದ್ದಾರೆ."

"ಅಯ್ಯೋ ನನ್ನಪ್ಪಾ! ಯಾರ ಹಾಗಿದ್ದಾಳೆ?"

"ಯಾರ ಹಾಗೂ ಇಲ್ಲ. ಅವಳ ಹಾಗೇ ಇದ್ದಾಳೆ. ನೀನು ಬಾ."

ನಮ್ಮ ಮನೆಯವರು ಒಂದು ಬದನೆಕಾಯಿ ತಂದರೂ ಯಾವ ಅಂಗಡಿ, ಎಷ್ಟು ಚೌಕಾಸಿ, ಪಕ್ಕದಲ್ಲಿ ಯಾರು ನಿಂತಿದ್ದರು ಎಂದು ಪೂರ್ತಿ ಹೇಳುವ ಮನುಷ್ಯ. ಅಂಥವರು ಮೊಮ್ಮಗಳ ವಿಷಯವನ್ನು 'ನೀನು ಬಾ' ಎಂಬ ಎರಡು ಪದದಲ್ಲಿ ಮುಗಿಸಿದರಲ್ಲ! ಬೇಳೆ ಪಾತ್ರೆಗೆ ತಟ್ಟೆ ಮುಚ್ಚಿ ಆಟೋ ಹತ್ತಿದೆ.

ಆಸ್ಪತ್ರೆಯಲ್ಲಿ ನರ್ಸಮ್ಮ ಬಟ್ಟೆ ಸರಿಸಿ ತೋರಿಸಿದಳು. ಮೊದಲು ಬೆರಳು ಎಣಿಸಿದೆ. ಹತ್ತು, ಮತ್ತೆ ಹತ್ತು. ಎರಡು ಕಣ್ಣು, ಎರಡು ಕಿವಿ, ಸಣ್ಣ ಮೂಗು. ಅಳುವ ಗಂಟಲು ಗಟ್ಟಿ. ದೇವರು ಒಂದೊಂದನ್ನೂ ಮರೆಯದೆ ಇಟ್ಟಿದ್ದ. ಆಮೇಲೆ ತಲೆ ನೋಡಿದೆ. ಕಾಡಿನಂಥ ಕಪ್ಪು ಕೂದಲು. ಅದರ ನಡುವೆ, ಹಣೆಯ ಮೇಲೆ ಬೈತಲೆ ಶುರುವಾಗುವ ಜಾಗದಲ್ಲಿ, ಹತ್ತಿ ಬತ್ತಿಯಷ್ಟು ಅಗಲಕ್ಕೆ ಒಂದು ಜುಟ್ಟು ಬೆಳ್ಳಗೆ! ಅದರ ಬುಡದ ಚರ್ಮವೂ ಅಷ್ಟಗಲ ಬಿಳಿ.

ನೋಡಿದವಳೇ ನನ್ನ ಬಲಗೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡೆ. ಯಾಕೆಂದರೆ ಆ ಜಾಗ ನನಗೆ ಗೊತ್ತಿತ್ತು.

ಪವಿತ್ರ ಏಳು ತಿಂಗಳ ಬಸುರಿಯಾಗಿ, ಮಂಚೇನಹಳ್ಳಿಯ ಅವಳ ಅತ್ತೆ ಮನೆಯಲ್ಲಿ ಸೀಮಂತ ಮುಗಿಸಿಕೊಂಡು ನಮ್ಮಲ್ಲಿಗೆ ಬಂದಿದ್ದ ವಾರದಲ್ಲೇ ಸಂಜೆ ಗ್ರಹಣ ಬಂದಿತ್ತು. ನಿಮಗೂ ಗೊತ್ತಲ್ಲ, ಗ್ರಹಣದಲ್ಲಿ ಬಸುರಿ ಏನನ್ನೂ ಕತ್ತರಿಸಬಾರದು, ಹೊಲಿಯಬಾರದು, ಮೈ ಕೆರೆದುಕೊಳ್ಳಬಾರದು. ಎಲ್ಲಿ ಕೆರೆದುಕೊಂಡಳೋ ಮಗುವಿಗೆ ಅಲ್ಲಿ ಮಚ್ಚೆ. ನಾನು ಅವಳನ್ನು ಕೋಣೆಯಲ್ಲಿ ಅಂಗಾತ ಮಲಗಿಸಿ, ಕೈ ಎರಡನ್ನೂ ಪಕ್ಕಕ್ಕೆ ಇಡಿಸಿ, ಅಡುಗೆಮನೆಯ ಡಬ್ಬಗಳಿಗೆಲ್ಲ ದರ್ಭೆ ಹಾಕುತ್ತಿದ್ದೆ. ಅಕ್ಕಿ ಹಿಟ್ಟಿನ ಡಬ್ಬ ಮುಚ್ಚುವ ಹೊತ್ತಿಗೆ ಕೂಗಿದಳು.

"ಅಮ್ಮಾ, ಹಣೆ ಕಡೀತಿದೆ."

"ಮುಟ್ಬೇಡ್ವೇ!"

"ತಡೆಯಕ್ಕಾಗಲ್ಲಮ್ಮಾ. ಒಂದೇ ಒಂದ್ಸಲ."

ಆಗ ನನ್ನೊಳಗಿನ ವಕೀಲೆ ಎದ್ದು ನಿಂತಳು. ಶಾಸ್ತ್ರ ಹೇಳುವುದೇನು? ಬಸುರಿ ಕೆರೆದುಕೊಳ್ಳಬಾರದು. ಬಸುರಿಯ ತಾಯಿ ಕೆರೆಯಬಾರದೆಂದು ಎಲ್ಲಾದರೂ ಹೇಳಿದೆಯೇ? ಇಲ್ಲ. ಕೈಯನ್ನು ಸೆರಗಿಗೆ ಒರೆಸಿಕೊಂಡು ಓಡಿಹೋಗಿ, ಬೈತಲೆಯ ಬುಡದಲ್ಲಿ ನಾಲ್ಕು ಸಲ ಚೆನ್ನಾಗಿ ಕೆರೆದೆ. "ಹಾ, ಅಲ್ಲೇ ಅಲ್ಲೇ" ಎಂದು ಅವಳು ಕಣ್ಣು ಮುಚ್ಚಿದಳು. ದೀಪ ಹಚ್ಚಿದ ಮೇಲೆ ನೋಡುತ್ತೇನೆ, ಅವಳ ಮುಂದಲೆಯಲ್ಲಿ ನನ್ನ ಬೆರಳಿನ ಅಕ್ಕಿ ಹಿಟ್ಟು, ಬೆಳ್ಳಗೆ. ಇಬ್ಬರೂ ನಕ್ಕು ಒರೆಸಿದೆವು. ಒರೆಸಿದ್ದು ಹೊರಗಡೆ ಮಾತ್ರ ಎಂದು ಈಗ ತಿಳಿಯಿತು.

ನಗಬೇಡಿ. ನಾನು ಬೆಳೆದದ್ದು ಶಿಡ್ಲಘಟ್ಟದಲ್ಲಿ, ರೇಷ್ಮೆ ಗೂಡು ಬೇಯಿಸುವ ವಾಸನೆಯಿಂದಲೇ ಬೆಳಗಾಗುವ ಓಣಿಯಲ್ಲಿ. ನನ್ನ ಜೊತೆ ಕುಂಟೆಬಿಲ್ಲೆ ಆಡುತ್ತಿದ್ದ ಒಬ್ಬಳಿಗೆ ಕೆನ್ನೆಯ ಮೇಲೆ ವೀಳ್ಯದೆಲೆ ಆಕಾರದ ಕಪ್ಪು ಮಚ್ಚೆ ಇತ್ತು. ಹುಡುಗಿ ಚೂಟಿ, ಹಾಡಿದರೆ ಓಣಿಯೇ ನಿಲ್ಲುತ್ತಿತ್ತು. ಆದರೆ ಯಾರ ಮನೆಗೆ ಹೋದರೂ ಮೊದಲು ಬರುತ್ತಿದ್ದ ಮಾತು, "ಅವರಮ್ಮ ಗ್ರಹಣದಲ್ಲಿ ಎಲೆ ಮಡಿಸಿದ್ಲಂತೆ." ಪಾಪ, ಆ ತಾಯಿ ತಲೆ ನೆರೆಯುವವರೆಗೂ "ನಾನು ಎಲೆ ಡಬ್ಬಿ ಮುಟ್ಟೇ ಇರ್ಲಿಲ್ಲ ಕಣ್ರಮ್ಮಾ" ಎಂದು ಹೇಳುತ್ತಲೇ ಇದ್ದಳು. ಕೇಳಿದವರೆಲ್ಲ ತಲೆಯಾಡಿಸಿ, ಮುಂದಿನ ಮನೆಗೆ ಹೋಗಿ ಎಲೆಯ ಕಥೆಯನ್ನೇ ಹೇಳುತ್ತಿದ್ದರು.

ನನ್ನ ಮಗಳಿಗೂ ಅದೇ ಗತಿ ಬಂದರೆ? ಅವಳ ಅತ್ತೆ ನಾರಾಯಣಮ್ಮ ಒಳ್ಳೆಯವರೇ. ಸೇವಂತಿಗೆ ತೋಟ ನೋಡಿಕೊಂಡು, ಗಂಡ ಹೋದ ಮೇಲೆ ಒಬ್ಬರೇ ಮಗನನ್ನು ಬೆಳೆಸಿದ ಗಟ್ಟಿ ಹೆಂಗಸು. ಆದರೆ ಮೊದಲ ಮೊಮ್ಮಗು. "ಗ್ರಹಣದಲ್ಲಿ ಏನ್ಮಾಡ್ದೆ?" ಎಂದು ಒಂದು ಸಲ ಕೇಳಿಬಿಟ್ಟರೆ ಸಾಕು, ಆ ಪ್ರಶ್ನೆ ಪವಿತ್ರಳ ಬೆನ್ನಿಗೆ ಅಂಟಿಕೊಳ್ಳುತ್ತದೆ. ತಪ್ಪು ಮಾಡಿದ್ದು ನಾನು, ಮಾತು ಕೇಳುವುದು ಅವಳು.

ಮಾರನೇ ದಿನ ಡಾಕ್ಟರಮ್ಮ ಮಗುವನ್ನು ನೋಡಲು ಬಂದರು. ಕಣ್ಣಿಗೆ ಬೆಳಕು ಬಿಟ್ಟು ನೋಡಿದರು. "ಎರಡೂ ಕಡೆ ಮನೇಲಿ ಹೀಗೆ ಯಾರಿಗಾದ್ರೂ ಇದ್ಯಾ?" ಎಂದು ಕೇಳಿದರು. ಯಾರಿಗೂ ಇಲ್ಲ ಎಂದೆವು. ಇಂಥ ಕೂದಲಿರುವ ಮಕ್ಕಳಲ್ಲಿ ಕೆಲವರಿಗೆ ಕಿವಿ ಕೇಳಿಸುವುದು ಕಡಿಮೆ ಇರಬಹುದು, ಅದಕ್ಕೆ ಒಂದು ಪರೀಕ್ಷೆ ಮಾಡೋಣ ಎಂದರು. ಆ ಅರ್ಧ ಗಂಟೆ ನಾನು ಎಷ್ಟು ಹರಕೆ ಹೊತ್ತೆನೋ ನನಗೇ ಲೆಕ್ಕವಿಲ್ಲ. ಕಿವಿ ಚೆನ್ನಾಗಿದೆ ಎಂದು ಬಂತು. ಅದೊಂದೇ ಸಾಕಾಗಿತ್ತು, ಸುಮ್ಮನೆ ಎದ್ದು ಬರಬೇಕಿತ್ತು. ನನ್ನ ಬಾಯಿ ಸುಮ್ಮನಿರಲಿಲ್ಲ.

"ಡಾಕ್ಟ್ರಮ್ಮಾ, ಅಕ್ಕಿ ಹಿಟ್ಟು ತಾಗಿದ್ರೆ ಹೀಗಾಗುತ್ತಾ?"

"ಯಾರಿಗೆ ತಾಗಿದ್ರೆ?"

"ಬಸುರಿಗೆ. ಹಣೆಗೆ. ಗ್ರಹಣದಲ್ಲಿ, ಏಳನೇ ತಿಂಗಳಲ್ಲಿ. ನಾನೇ ಕೆರೆದೆ."

ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. "ಅಮ್ಮಾ, ಅಕ್ಕಿ ಹಿಟ್ಟಿಂದ ರೊಟ್ಟಿ ಆಗುತ್ತೆ. ಇದಾಗಲ್ಲ."

ಆಮೇಲೆ ನನ್ನ ಮುಖ ನೋಡಿ ಕನಿಕರ ಬಂತೋ ಏನೋ, ಕುರ್ಚಿ ಎಳೆದುಕೊಂಡು ಕೂತು ಹೇಳಿದರು. ಜೀವ ಅಂದರೆ ಒಂದು ದೊಡ್ಡ ಬರಹವಂತೆ. ಒಂದು ಕಣ ಎರಡಾಗಬೇಕಾದರೆ ಆ ಬರಹವಷ್ಟನ್ನೂ ಇನ್ನೊಂದು ಪ್ರತಿ ಮಾಡಬೇಕಂತೆ. "ಅಷ್ಟೊಂದು ನಕಲು ಮಾಡೋವಾಗ ಎಲ್ಲೋ ಒಂದು ಕಡೆ ತಪ್ಪುತ್ತೆ. ತಿದ್ದೋ ಏರ್ಪಾಡೂ ಒಳಗೇ ಇದೆ. ಆದ್ರೂ ಒಂದೊಂದು ಕಣ್ತಪ್ಪಿಸಿ ಉಳ್ಕೊಳ್ಳುತ್ತೆ. ಇವಳಲ್ಲಿ ಕೂದಲ ಬಣ್ಣದ ಜಾಗದಲ್ಲಿ ಒಂದು ಹೊಸದಾಗಿ ಉಳ್ಕೊಂಡಿರ್ಬೇಕು. ನೀವು ಕೆರೆದಿದ್ದು ಏಳನೇ ತಿಂಗಳಲ್ಲಿ. ಇದು ಮಗು ಸಾಸಿವೆ ಕಾಳಿಗಿಂತ ಚಿಕ್ಕದಿದ್ದಾಗಲೇ ಆಗಿಹೋಗಿರೋದು."

"ಯಾಕಾಯ್ತು ಹಾಗಾದ್ರೆ?"

"ಬಿಸಿಲು, ಎಕ್ಸ್‌ರೇ ಅಂಥವು ಕೆಲವು ಸಲ ತಪ್ಪನ್ನ ಹೆಚ್ಚಿಸ್ತವೆ. ಆದ್ರೆ ಎಷ್ಟೋ ಸಲ ಯಾವ ಕಾರಣಾನೂ ಬೇಕಿಲ್ಲ. ಸುಮ್ಮನೆ ಆಗುತ್ತೆ."

"ಸುಮ್ಮನೆ?"

"ಸುಮ್ಮನೆ. ನಿಮ್ಮಪ್ಪ ಅಮ್ಮನಲ್ಲಿ ಇಲ್ಲದ ಒಂದಷ್ಟು ನಿಮ್ಮಲ್ಲೂ ಇದೆ, ನನ್ನಲ್ಲೂ ಇದೆ. ಹೆಚ್ಚಿನವು ಕಾಣಿಸಲ್ಲ, ಏನೂ ಮಾಡಲ್ಲ. ಇವಳದ್ದು ಕಾಣಿಸ್ತಿದೆ ಅಷ್ಟೆ."

ನನಗೆ ಆ ಪದ ಗಂಟಲಲ್ಲಿ ಇಳಿಯಲಿಲ್ಲ. ನಮ್ಮ ಮನೆಯಲ್ಲಿ ಯಾವುದೂ ಸುಮ್ಮನೆ ಆಗುವುದಿಲ್ಲ. ಹಾಲು ಉಕ್ಕಿದರೆ ಶುಭ, ಎಣ್ಣೆ ಚೆಲ್ಲಿದರೆ ಅಶುಭ, ಬಲಗಣ್ಣು ಹಾರಿದರೆ ಒಂದು ಅರ್ಥ, ಕಾಗೆ ಕೂಗಿದರೆ ನೆಂಟರು. ಐವತ್ತೈದು ವರ್ಷ ಇಷ್ಟೆಲ್ಲ ಕಾರಣಗಳನ್ನು ಜತನ ಮಾಡಿಟ್ಟುಕೊಂಡವಳಿಗೆ ಈ ಡಾಕ್ಟರಮ್ಮ ಬಂದು 'ಸುಮ್ಮನೆ' ಎಂದುಬಿಟ್ಟರೆ!

ಆದ್ದರಿಂದ ಆಸ್ಪತ್ರೆಯಲ್ಲಿ ತಲೆಯಾಡಿಸಿ, ಮನೆಗೆ ಬಂದು ನನ್ನ ದಾರಿಯನ್ನೇ ಹಿಡಿದೆ. ಮೊದಲು ಅಳಿಯಂದಿರನ್ನು ಪಕ್ಕಕ್ಕೆ ಕರೆದೆ. ಮಂಜುನಾಥ ಕುಡುಮಲಕುಂಟೆಯ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಾರೆ, ಮಾತು ಕಡಿಮೆ, ತಲೆಯಾಡಿಸುವುದು ಜಾಸ್ತಿ.

"ಜುಟ್ಟಿನ ವಿಷಯ ನಿಮ್ಮಮ್ಮಂಗೆ ಈಗ್ಲೇ ಹೇಳ್ಬೇಡಿಪ್ಪಾ."

"ಸರಿ ಅತ್ತೆ," ಎಂದು ತಲೆಯಾಡಿಸಿದರು. ಎಂಥ ವಿಧೇಯ ಅಳಿಯ ಎಂದು ಇನ್ನೊಂದು ಸೌಟು ಹಿತಕಿದ ಬೇಳೆ ಬಡಿಸಿದೆ.

ನಾರಾಯಣಮ್ಮನವರು ಪುರುಡು ಕಳೆಯುವವರೆಗೆ ಬರುವ ಹಾಗಿರಲಿಲ್ಲ. ಹನ್ನೊಂದನೇ ದಿನ ನಾಮಕರಣಕ್ಕೇ ಬರುವುದು. ಅಲ್ಲಿಗೆ ನನ್ನ ಕೈಯಲ್ಲಿ ಹತ್ತು ದಿನ. ಎಂಟು ಕುಲಾವಿ ಹೊಲಿಸಿದೆ, ಎಲ್ಲವೂ ಹುಬ್ಬಿನವರೆಗೆ ಬರುವಂಥವು. ಚಳಿಗಾಲ, ಯಾರೂ ಕೇಳುವಂತಿಲ್ಲ. ಆದರೆ ನಾಮಕರಣದಲ್ಲಿ ಕುಲಾವಿ ತೆಗೆಯಲೇಬೇಕಲ್ಲ? ಅದಕ್ಕೆ ಕಾಡಿಗೆ ಇತ್ತು. ಹಸುಗೂಸಿಗೆ ದೃಷ್ಟಿಬೊಟ್ಟು ಇಡುವುದು ತಪ್ಪೇ? ಇಲ್ಲ. ಬೊಟ್ಟು ಸ್ವಲ್ಪ ದೊಡ್ಡದಾದರೆ? ತೊಂದರೆಯಿಲ್ಲ. ಹಣೆಯಿಂದ ಮೇಲಕ್ಕೆ ಒಂದಿಷ್ಟು ಹತ್ತಿದರೆ? ಹೀಗೆ ನನ್ನ ವಕೀಲೆ ದಿನಕ್ಕೊಂದು ವಾದ ಮಂಡಿಸಿ, ನನ್ನ ಬೊಟ್ಟು ದಿನಕ್ಕೊಂದು ಕೂದಲಷ್ಟು ಮೇಲೇರಿ, ಹತ್ತನೇ ದಿನಕ್ಕೆ ಜುಟ್ಟು ಪೂರ್ತಿ ಕಪ್ಪಾಯಿತು.

"ಏನಮ್ಮಾ ಇದು, ಮಗು ತಲೆ ದೋಸೆ ಹೆಂಚಿನ ತಳದ ಹಾಗಿದೆ?" ಎಂದಳು ಪವಿತ್ರ.

"ದೃಷ್ಟಿ ಆಗುತ್ತೆ, ಸುಮ್ನಿರೇ."

ನಮ್ಮ ಮನೆಯವರು ಪೇಪರಿನ ಹಿಂದಿನಿಂದಲೇ ಹೇಳಿದರು. "ನನ್ನ ತಲೆಗೊಂದು ಡೈ ಹಚ್ಚಿಕೊಡೇ ಅಂತ ಹತ್ತು ವರ್ಷದಿಂದ ಕೇಳ್ತಿದ್ದೀನಿ. ವಯಸ್ಸಾದ ಮೇಲೆ ಶೋಕಿ ಯಾಕೆ ಅಂತೀಯ. ಹತ್ತು ದಿನದ ಕೂಸಿಗೆ ಶೋಕಿ ಬೇಕಾಯ್ತಾ?"

ನಾಮಕರಣದ ಬೆಳಿಗ್ಗೆ ಬೇಗ ಎದ್ದು ಬಾಗಿಲಿಗೆ ರಂಗೋಲಿ ಹಾಕಲು ಕೂತೆ. ವಿಶೇಷದ ದಿನಗಳಲ್ಲಿ ನಾನು ಹಾಕುವುದು ಒಂದೇ, ಹದಿನೈದು ಚುಕ್ಕಿಯಿಂದ ಎಂಟಕ್ಕೆ ಇಳಿಸುವ ನವಿಲು. ಮದುವೆಗೆ ಮುಂಚೆ ಶಿಡ್ಲಘಟ್ಟದಲ್ಲಿ ನಮ್ಮಮ್ಮನ ರಂಗೋಲಿ ಪುಸ್ತಕದಿಂದ ನನ್ನ ಪುಸ್ತಕಕ್ಕೆ ಇಳಿಸಿಕೊಂಡದ್ದು. ಅಮ್ಮನ ನವಿಲು ಮುಂದಕ್ಕೆ ನೋಡುತ್ತಿತ್ತು. ನಾನು ಒಂದು ಸಾಲು ತಪ್ಪಿಸಿಕೊಂಡು, ನನ್ನ ನವಿಲು ಕತ್ತು ಹೊರಳಿಸಿ ತನ್ನ ಬಾಲವನ್ನೇ ನೋಡಿಕೊಳ್ಳುವ ಹಾಗಾಯಿತು. "ಏನೇ ಇದು, ಏನೋ ಬೀಳಿಸ್ಕೊಂಡು ಹುಡುಕೋ ನವಿಲು!" ಎಂದು ಅಮ್ಮ ಹೊಟ್ಟೆ ಹಿಡಿದು ನಕ್ಕಿದ್ದಳು. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಬೀದಿಯ ಹೆಂಗಸರು ಅದನ್ನೇ ಬರೆದುಕೊಂಡರು. ಅವರ ಹೆಣ್ಣುಮಕ್ಕಳು ಅದನ್ನು ಗಂಡನ ಮನೆಗಳಿಗೆ ತೆಗೆದುಕೊಂಡು ಹೋದರು. ಹೋದ ವರ್ಷ ಚಿಂತಾಮಣಿಯಲ್ಲಿ ಒಂದು ಗೃಹಪ್ರವೇಶಕ್ಕೆ ಹೋದರೆ ಹೊಸ್ತಿಲ ಮುಂದೆ ನನ್ನ ನವಿಲು! ಹಾಕಿದವಳ ಗುರುತೂ ನನಗಿರಲಿಲ್ಲ. ಕೊನೆಗಾಲದಲ್ಲಿ ಅಮ್ಮನೂ ತನ್ನ ಮುಂದೆ ನೋಡುವ ನವಿಲನ್ನು ಬಿಟ್ಟು ನನ್ನದನ್ನೇ ಹಾಕುತ್ತಿದ್ದಳು.

ಆ ಬೆಳಿಗ್ಗೆ ನವಿಲಿನ ಕತ್ತು ಹೊರಳಿಸುವ ಜಾಗಕ್ಕೆ ಬಂದಾಗ ನನ್ನ ಕೈ ನಿಂತಿತು. ನಕಲು ಮಾಡುವಾಗ ತಪ್ಪುತ್ತದೆ ಎಂದಿದ್ದರಲ್ಲ ಡಾಕ್ಟರಮ್ಮ. ನಾನು ಈ ಸಾಲು ತಪ್ಪಿಸಿದ ದಿನ ಗ್ರಹಣವಿತ್ತೇ? ಇರಲಿಲ್ಲ. ಯಾರಾದರೂ ಶಪಿಸಿದ್ದರೇ? ಇಲ್ಲ. ಬೀದಿಯಲ್ಲಿ ನೇರಳೆಹಣ್ಣಿನವನು ಕೂಗಿದನೆಂದು ತಲೆಯೆತ್ತಿ ನೋಡಿದ್ದೆನೋ ಏನೋ, ಅದೂ ನೆನಪಿಲ್ಲ. ಸುಮ್ಮನೆ ತಪ್ಪಿತ್ತು. ಕೂತಲ್ಲೇ ಒಂದು ಕ್ಷಣ ಮನಸ್ಸು ಹಗುರಾಯಿತು. ಹಗುರಾದರೂ ಒಳಗೆ ಹೋಗಿ ಕಾಡಿಗೆ ಇನ್ನೊಂದು ಕೈ ಬಳಿದೇ ಬಂದೆ. ತಿಳಿವಳಿಕೆ ಬೇರೆ, ಬೀಗಿತ್ತಿ ಬರುವ ಬಸ್ಸೇ ಬೇರೆ.

ನಾರಾಯಣಮ್ಮ ಬುಟ್ಟಿ ತುಂಬ ಹೂವು, ಬೆಳ್ಳಿ ಬಟ್ಟಲು, ಕೆನೆಬಣ್ಣದ ಹೊಸ ರೇಷ್ಮೆ ಸೀರೆಯಲ್ಲಿ ಬಂದಿಳಿದರು. ಹೆಸರಿಡುವ ಶಾಸ್ತ್ರ ಮುಗಿಯಿತು. ಕಿವಿಯಲ್ಲಿ "ವೈಷ್ಣವಿ" ಎಂದಾಗ ಮಗು ಬೆಚ್ಚಿ ಕೈಕಾಲು ಎತ್ತಿತು. ಕೇಳಿಸಿತಲ್ಲ ಎಂದು ನಾನು ಮನಸ್ಸಿನಲ್ಲೇ ಕೈಮುಗಿದೆ. ಆಮೇಲೆ ನಾರಾಯಣಮ್ಮ "ನಾ ಬಂಗಾರು ತಲ್ಲೀ" ಎಂದು ತೆಲುಗಿನಲ್ಲಿ ಮುದ್ದು ಸುರಿಸುತ್ತ ಮಗುವನ್ನು ಎದೆಗೆ ಒತ್ತಿಕೊಂಡರು. ತಲೆ ಸವರಿದರು. ಮತ್ತೆ ಸವರಿದರು. ಕೈ ನೋಡಿಕೊಂಡರು, ಕರ್ರಗೆ. ಎದೆ ನೋಡಿಕೊಂಡರು, ಕೆನೆಬಣ್ಣದ ಸೀರೆಯ ಮೇಲೆ ಅಂಗೈಯಗಲ ಮಸಿ. ಮಗುವಿನ ಹಣೆ ನೋಡಿದರು. ಜುಟ್ಟು ಬೆಳ್ಳಗೆ ಎದ್ದು ನಿಂತಿತ್ತು.

"ಏಮಮ್ಮಾ ಇದಿ?" ಎಂದರು, ನನ್ನನ್ನು ನೋಡಿ.

ಪವಿತ್ರಳ ಮುಖ ಬಾಡಿತು. ಇನ್ನು ಆ ಪ್ರಶ್ನೆ ಅವಳ ಕಡೆ ತಿರುಗುತ್ತದೆ ಅನ್ನಿಸಿತು. ಹಿಂದೆಮುಂದೆ ನೋಡದೆ ನಡುವೆ ಬಾಯಿ ಹಾಕಿದೆ.

"ನಾನೇ ಅಕ್ಕಾ. ಅವಳದ್ದೇನೂ ತಪ್ಪಿಲ್ಲ. ಗ್ರಹಣದಲ್ಲಿ ಅವಳು ಕೈಕಾಲು ಆಡಿಸ್ಲೇ ಇಲ್ಲ. ಕಡಿಯುತ್ತೆ ಅಂದಿದ್ದಕ್ಕೆ ನಾನು ಕೆರೆದೆ. ಕೈಯಲ್ಲಿ ಅಕ್ಕಿ ಹಿಟ್ಟಿತ್ತು. ಬೈಯೋದಿದ್ರೆ ನನ್ನೇ ಬೈರಿ."

ನಾರಾಯಣಮ್ಮ ನನ್ನನ್ನೇ ನೋಡಿದರು. ಆಮೇಲೆ ಧೊಪ್ಪನೆ ದಿವಾನದ ಮೇಲೆ ಕೂತರು.

"ಅಯ್ಯೋ, ನಾನು ಹನ್ನೊಂದು ದಿನದಿಂದ ಸರಿಯಾಗಿ ಊಟ ಮಾಡಿಲ್ಲ ಕಣಮ್ಮಾ! ಮಂಜ ಅವತ್ತೇ ಫೋಟೋ ಕಳಿಸಿದ್ದ."

ನಾನು ಅಳಿಯಂದಿರ ಕಡೆ ತಿರುಗಿದೆ. "ನೀವು ಹೇಳೋಷ್ಟರಲ್ಲಿ ಕಳಿಸಾಗಿತ್ತು ಅತ್ತೆ," ಎಂದು ತಲೆಯಾಡಿಸಿದರು.

"ನಾನೇ ಮಾಡಿದ್ದು ಅಂದ್ಕೊಂಡಿದ್ದೆ," ನಾರಾಯಣಮ್ಮ ಕಣ್ಣು ಒರೆಸಿಕೊಂಡರು. ಕಾಡಿಗೆ ಕೆನ್ನೆಗೂ ಹತ್ತಿತು. "ಸೀಮಂತಕ್ಕೆ ಹಳದಿ ಹೂವೇ ಮುಡಿಸ್ಬೇಕು ಅಂತ ನಮ್ಮತ್ತೆ ಹೇಳ್ತಿದ್ರು. ಬಿಳೀ ಸೇವಂತಿಗೆ ಚೆನ್ನಾಗಿ ಅರಳಿತ್ತು, ಆಸೆ ಬಿದ್ದು ಇವಳ ಮುಂದಲೆಗೆ ಸಿಗಿಸ್ಬಿಟ್ಟೆ. ಸರಿಯಾಗಿ ಅದೇ ಜಾಗ! ಇವತ್ತು ನೀವೆಲ್ಲ ಏನಂತೀರೋ ಅಂತ ಬಸ್ಸಲ್ಲಿ ಪೂರ್ತಿ ದೇವರನ್ನ ನೆನಸ್ಕೊಂಡು ಬಂದೆ."

"ಹೂವಿಂದೇನಕ್ಕಾ ಆಗುತ್ತೆ? ಹಿಟ್ಟಿಂದ್ಲೇ ಆಗಿರೋದು."

"ಒರೆಸಿದ ಹಿಟ್ಟಿಂದ ಆಗುತ್ತಾ? ಸಂಜೆವರೆಗೂ ಮುಡ್ಕೊಂಡಿದ್ಲಮ್ಮ ಹೂವಾ!"

"ಗ್ರಹಣದಲ್ಲಿ ಆಗಿದ್ದು ಅಕ್ಕಾ ನಂದು!"

"ಸಾಕು ಮಾಡಿ!" ಎಂದಳು ಪವಿತ್ರ. ಮಗುವನ್ನು ಎತ್ತಿಕೊಂಡು ನಿಂತಿದ್ದಳು. "ನಂದು ತಪ್ಪು, ನಂದು ತಪ್ಪು ಅಂತ ಇಬ್ರೂ ಕಿತ್ತಾಡ್ತಿದ್ದೀರಲ್ಲ, ನನ್ನ ಮಗಳಲ್ಲಿ ತಪ್ಪೇನಿದೆ ಅಂತ ಒಬ್ರಾದ್ರೂ ನೋಡಿದ್ರಾ?"

ಇಬ್ಬರು ಅಜ್ಜಿಯರೂ ಮಗುವಿನ ಕಡೆ ನೋಡಿದೆವು. ಅದು ಆಕಳಿಸಿತು. ಜುಟ್ಟು ಕಿಟಕಿಯ ಬಿಸಿಲಿಗೆ ಹೊಳೆಯುತ್ತಿತ್ತು. ಹನ್ನೊಂದು ದಿನದಲ್ಲಿ ನಾನು ಅದನ್ನು ಮುಚ್ಚಲೆಂದು ನೋಡಿದ್ದೆನೇ ಹೊರತು ನೋಡಲೆಂದು ನೋಡಿರಲೇ ಇಲ್ಲ.

ಆಗ ನಮ್ಮ ಮನೆಯವರು ಕೇಳಿದರು. "ಅಲ್ಲ ಬೀಗರೇ, ಆ ಬಿಳೀ ಸೇವಂತಿಗೆ ತಳಿ ಎಲ್ಲಿಂದ ತಂದ್ರಿ?"

"ಎಲ್ಲಿಂದಲೂ ತರ್ಲಿಲ್ಲ. ಮಂಜ ಸ್ಕೂಲಿಗೆ ಹೋಗ್ತಿದ್ದಾಗ ನಮ್ಮ ಹಳದಿ ಗಿಡದಲ್ಲೇ ಒಂದು ಕೊಂಬೆ ಮಾತ್ರ ಬಿಳೀದು ಬಿಡ್ತು. ಕಿತ್ತು ಬಿಸಾಕಿ ಅಂದೆ ನಾನು. ನಮ್ಮೆಜಮಾನ್ರು ಕೇಳ್ಲಿಲ್ಲ. ಆ ಕೊಂಬೇನ ಕತ್ತರಿಸಿ ಬೇರೆ ನೆಟ್ರು. ಅದೇ ಈಗ ಅರ್ಧ ತೋಟ ಇದೆ."

"ಹಾಗಾದ್ರೆ ಆ ಕೊಂಬೇನ ಗ್ರಹಣದಲ್ಲಿ ಯಾರು ಕೆರೆದಿದ್ರು?"

ನಾರಾಯಣಮ್ಮ ಕೆನ್ನೆಯ ಮೇಲಿನ ಕಾಡಿಗೆಯ ಸಮೇತ ನಗಲು ಶುರು ಮಾಡಿದರು. ನನಗೂ ತಡೆಯಲಾಗಲಿಲ್ಲ. ಬುಟ್ಟಿಯಿಂದ ಒಂದು ಬಿಳಿ ಹೂವು ತೆಗೆದು ಅವರು ಮಗುವಿನ ಜುಟ್ಟಿನ ಪಕ್ಕ ಹಿಡಿದು ನೋಡಿದರು. "ಇವಳದ್ದೇ ಬೆಳ್ಳಗಿದೆ ಬಿಡಮ್ಮಾ," ಎಂದು, ಗಂಡ ಹೋದವರು ಮುಡಿಯಬಾರದೆಂಬ ಮಾತಿಗೂ ಕಿವಿಗೊಡದೆ, ಹೂವನ್ನು ತಾವೇ ಮುಡಿದುಕೊಂಡರು.

ಡಾಕ್ಟರಮ್ಮನ 'ಸುಮ್ಮನೆ' ನನಗೆ ಪೂರ್ತಿ ಒಗ್ಗಿದೆಯೆಂದು ಸುಳ್ಳು ಹೇಳಲಾರೆ. ಈಗಲೂ ಗ್ರಹಣಕ್ಕೆ ದರ್ಭೆ ಹಾಕುತ್ತೇನೆ. ಆದರೆ ಸ್ವಾಮಿಯೂ ಇಷ್ಟೊಂದು ಜೀವಗಳನ್ನು ನಕಲು ಮಾಡಿಸುವವನು, ಅಲ್ಲೊಂದು ಇಲ್ಲೊಂದು ಸಾಲು ತಪ್ಪಿದರೆ ತಪ್ಪಲಿ ಎಂದು ಬೇಕೆಂದೇ ಬಿಟ್ಟಿರಬಹುದು. ಯಾವ ನವಿಲು ಹೇಗೆ ಕತ್ತು ಹೊರಳಿಸೀತು ಎಂದು ನೋಡುವ ಆಸೆ ಅವನಿಗೂ ಇರಬಾರದೇ? ನನ್ನ ಪಾಲಿಗಂತೂ ಕಿವಿ ಕೇಳಿಸಿತು, ಕಣ್ಣು ನೆಟ್ಟಗಿದೆ, ಬೀಗಿತ್ತಿ ನಕ್ಕರು. ಇಷ್ಟು ಸಾಕು.

ಊಟ ಮಾಡಿ ಎಲ್ಲರೂ ಹೊರಟ ಮೇಲೆ ಎಂಟು ಕುಲಾವಿಗಳನ್ನೂ ತೆಗೆದುಕೊಂಡು ಹಿತ್ತಿಲಿಗೆ ಹೋದೆ. ಒಂದೊಂದರ ಒಳಗೂ ಹಣೆಯ ಜಾಗದಲ್ಲಿ ಕಪ್ಪು ಕರೆ. ಕಾಡಿಗೆ ಅಷ್ಟು ಸುಲಭವಾಗಿ ಬಿಡುವ ವಸ್ತುವಲ್ಲ. ಬಕೆಟ್ಟಿಗೆ ಬಿಸಿನೀರು ಸುರಿದು, ಸೋಪು ಹಾಕಿ, ಸೆರಗು ಸಿಕ್ಕಿಸಿ ಉಜ್ಜಲು ಕೂತೆ.